ಚಾರ್ಟ್‌ನಲ್ಲಿ 6/9 ಕಾಣುತ್ತದೆ, ಕಪ್ಪು ಬಟ್ಟೆಯ ಎಳೆ ಕಾಣುವುದಿಲ್ಲ: ಪೊರೆಯ ತೊಂದರೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನಗೆ 61 ವರ್ಷ. ಧಾರವಾಡದ ಹತ್ತಿರದ ಹಳ್ಳಿಯವಳು. ಮೂವತ್ತೈದು ವರ್ಷಗಳಿಂದ ಕಸೂತಿ ಹಾಕುತ್ತಿದ್ದೇನೆ, ಅದೇ ನನ್ನ ದುಡಿಮೆ. ಒಂದು ವರ್ಷದಿಂದ ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದು ತಪ್ಪುತ್ತಿದೆ. ಮಧ್ಯಾಹ್ನ ಬಿಸಿಲಿಗೆ ಬಂದರೆ ಎಲ್ಲವೂ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ರಾತ್ರಿ ಎದುರಿನ ಗಾಡಿಯ ದೀಪಕ್ಕೆ ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತೇನೆ. ಪಟ್ಟಣದ ವೈದ್ಯರು, 'ಎರಡೂ ಕಣ್ಣಿನಲ್ಲಿ ಪೊರೆ ಇದೆ, ಆದರೆ ಕನ್ನಡಕ ಹಾಕಿದರೆ 6/9 ಕಾಣುತ್ತದೆ, ಇನ್ನೊಂದು ವರ್ಷ ಬಿಡಿ' ಎಂದರು. ಊರಿಗೆ ಬಂದ ಶಿಬಿರದವರು, 'ನಾಳೆಯೇ ಬನ್ನಿ, ತೆಗೆದುಬಿಡೋಣ' ಎಂದರು. ಅಲ್ಲಿ ಒಬ್ಬ ಹುಡುಗ ಹದಿನಾಲ್ಕು ಪ್ರಶ್ನೆಗಳ ಹಾಳೆ ಹಿಡಿದು, ಕಾರು ಓಡಿಸುತ್ತೀರಾ, ಇಸ್ಪೀಟು ಆಡುತ್ತೀರಾ ಎಂದೆಲ್ಲ ಕೇಳಿದ. ನಾನು ಹುಟ್ಟಿದಾಗಿನಿಂದ ಕಾರು ಓಡಿಸಿಲ್ಲ ಎಂದರೆ 'ಆಗುವುದಿಲ್ಲ' ಎಂದು ಬರೆದುಕೊಂಡ. ಕೊನೆಗೆ 'ನಿಮಗೆ ನೂರಕ್ಕೆ ಐವತ್ತು' ಎಂದ. ಪಕ್ಕದ ಮನೆಯವರು ಪೊರೆ ಚೆನ್ನಾಗಿ ಬಲಿಯಲಿ ಎನ್ನುತ್ತಾರೆ. ತಂಗಿ ಪೊರೆ ಕರಗಿಸುವ ಹನಿ ಕಳುಹಿಸಿದ್ದಾಳೆ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಯಾರ ಮಾತು ಕೇಳಲಿ? ಆಪರೇಷನ್ ಆದರೆ ಮತ್ತೆ ಸೂಜಿ ಹಿಡಿಯುವುದು ಯಾವಾಗ?

ಉತ್ತರ: ಪತ್ರದ ಜೊತೆಗೆ ಆ ಹಾಳೆಯ ಫೋಟೊವನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಒಬ್ಬರು ಕಾಯಿರಿ ಎಂದರು, ಇನ್ನೊಬ್ಬರು ನಾಳೆಯೇ ಬನ್ನಿ ಎಂದರು. ಇಬ್ಬರೂ ನಿಮ್ಮ ಕಣ್ಣನ್ನು ನೋಡಿದ್ದಾರೆ, ನಿಮ್ಮ ಕೈಯಲ್ಲಿರುವ ಬಟ್ಟೆಯನ್ನು ಯಾರೂ ಕೇಳಿಲ್ಲ. ಪೊರೆ ಇದೆಯೇ ಎಂಬುದರಲ್ಲಿ ನಿಮಗೆ ಸಂಶಯವಿಲ್ಲ. ಅದು ನಿಮ್ಮ ದಿನದ ಕೆಲಸವನ್ನು ಎಷ್ಟು ಕೆಡಿಸಿದೆ ಎಂದು ಅಳೆಯುವುದು ಹೇಗೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ ಎಂದುಕೊಂಡು ಉತ್ತರಿಸುತ್ತೇನೆ.

ಮೊದಲು ಆ 6/9. ನಾವು ಇಂದಿಗೂ ಬಳಸುವ ಅಕ್ಷರದ ಚಾರ್ಟನ್ನು ನೆದರ್‌ಲೆಂಡ್ಸ್‌ನ ವೈದ್ಯ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ರೂಪಿಸಿದರು. ಒಳ್ಳೆಯ ಕಣ್ಣು 9 ಮೀಟರ್ ದೂರದಿಂದ ಓದುವ ಸಾಲನ್ನು ನೀವು 6 ಮೀಟರ್‌ಗೆ ಬಂದು ಓದುತ್ತೀರಿ ಎಂಬುದಷ್ಟೇ ಅದರ ಅರ್ಥ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಪರೀಕ್ಷೆ ನಡೆಯುವುದು ಮಬ್ಬು ಬೆಳಕಿನ ಕೋಣೆಯಲ್ಲಿ, ಅಚ್ಚ ಬಿಳುಪಿನ ಮೇಲೆ ಬರೆದ ಅಚ್ಚ ಕಪ್ಪು ಅಕ್ಷರಗಳಲ್ಲಿ. ಮನೆಯಲ್ಲಿ ಅಷ್ಟು ಸ್ಪಷ್ಟವಾದ ಕಪ್ಪು ಬಿಳುಪು ಎಲ್ಲಿದೆ? ಅಕ್ಕಿಯೊಳಗಿನ ಬಿಳಿ ಕಲ್ಲು, ಸಂಜೆಗತ್ತಲಲ್ಲಿ ಒಂದೇ ಸಿಮೆಂಟ್ ಬಣ್ಣದ ಎರಡು ಮೆಟ್ಟಿಲು, ಕಿಟಕಿಗೆ ಬೆನ್ನು ಹಾಕಿ ಕುಳಿತವರ ಮುಖ, ಇವೆಲ್ಲ ಬಣ್ಣದ ಸಣ್ಣ ವ್ಯತ್ಯಾಸದಿಂದಲೇ ಗುರುತು ಸಿಗುವಂಥವು. ಇನ್ನು ನಿಮ್ಮ ಕೆಲಸವಂತೂ ಕಪ್ಪಿನ ಮೇಲೆ ಕಪ್ಪನ್ನು ಎಣಿಸುವುದು. ಹಾಸು ಹೊಕ್ಕಿನ ಎಳೆ ಕಾಣದಿದ್ದರೆ ಕಸೂತಿ ಮುಂದೆ ಸಾಗುವುದೇ ಇಲ್ಲ.

ಈ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಶಕ್ತಿಗೆ ಬೇರೆಯೇ ಪರೀಕ್ಷೆ ಇದೆ. 1988ರಲ್ಲಿ ಬಂದ ಪೆಲ್ಲಿ ರಾಬ್ಸನ್ ಚಾರ್ಟ್‌ನಲ್ಲಿ ಅಕ್ಷರಗಳ ಗಾತ್ರ ಒಂದೇ. ಮೂರು ಮೂರು ಅಕ್ಷರಗಳಿಗೊಮ್ಮೆ ಅವುಗಳ ಕಪ್ಪು ತಿಳಿಯಾಗುತ್ತಾ ಹೋಗಿ ಕೊನೆಗೆ ಹಾಳೆಯ ಬಿಳುಪಿನಲ್ಲೇ ಕರಗಿಬಿಡುತ್ತದೆ. ಸ್ನೆಲ್ಲೆನ್ ಚಾರ್ಟ್‌ನ ಕೆಳಗಿನ ಸಾಲುಗಳನ್ನು ಸಲೀಸಾಗಿ ಓದಿದವರು ಇಲ್ಲಿ ಅರ್ಧದಲ್ಲೇ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲ್ಲ ಆಸ್ಪತ್ರೆಗಳಲ್ಲೂ ಇದು ಇರುವುದಿಲ್ಲ. ಇದ್ದ ಕಡೆಯೂ ಹೊರರೋಗಿಗಳ ಸಾಲು ಉದ್ದವಾಗಿದ್ದರೆ ಗೋಡೆಯ ಮೇಲೇ ಉಳಿಯುತ್ತದೆ. ನಮ್ಮ ವೃತ್ತಿಯ ಲೋಪವಿದು, ಒಪ್ಪಿಕೊಳ್ಳುತ್ತೇನೆ.

ಬಿಸಿಲಿನಲ್ಲಿ ಮಂಜು ಕವಿಯುತ್ತದೆ ಎಂದಿರಲ್ಲ, ಆ ಒಂದು ವಾಕ್ಯದ ಮೇಲೆ ನನ್ನ ಕಣ್ಣು ನಿಂತಿತು. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ, ಪಾಪೆಯ ಹಿಂದಿರುವ ಮಸೂರವೇ ಮಸುಕಾಗುವುದು. ಮಸುಕು ಎಲ್ಲಿದೆ ಎಂಬುದರ ಮೇಲೆ ತೊಂದರೆಯ ಬಗೆ ಬದಲಾಗುತ್ತದೆ. ಮಸೂರದ ನಡುವಿನ ತಿರುಳು ಹಳದಿಯಾಗಿ ಗಟ್ಟಿಯಾದರೆ ದೂರದ್ದು ನಿಧಾನವಾಗಿ ಮಂಕಾಗುತ್ತದೆ. ಕೆಲವರಿಗೆ ಆಗ ಚಾಳೀಸು ಇಲ್ಲದೆಯೇ ಪೇಪರ್ ಓದಲು ಬರುತ್ತದೆ, 'ಕಣ್ಣು ಮತ್ತೆ ಚುರುಕಾಯಿತು' ಎಂದು ಸಂತೋಷಪಡುತ್ತಾರೆ. ಪಾಪ, ಆ ಸಂತೋಷ ಬಹಳ ದಿನ ಉಳಿಯುವುದಿಲ್ಲ. ಅಂಚಿನಿಂದ ಚಕ್ರದ ಕಡ್ಡಿಗಳಂತೆ ಒಳಗೆ ಚಾಚುವ ಪೊರೆ ಬೆಳಕನ್ನು ಚದುರಿಸುತ್ತದೆ. ಮೂರನೆಯದು ಮಸೂರದ ಹಿಂಬದಿಯ ಪದರದಲ್ಲಿ, ಸರಿಯಾಗಿ ನಡುವೆಯೇ ಕೂರುವ ಪೊರೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೆರಾಯ್ಡ್ ಔಷಧಿಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಇದು ಹೆಚ್ಚು. ಮಂಡಿನೋವಿಗೋ ಉಬ್ಬಸಕ್ಕೋ ಹೆಸರಿಲ್ಲದ ಪುಡಿ, ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಈ ಮೂರನೆಯ ಬಗೆಯಲ್ಲಿ ಚಾರ್ಟ್ ನಮ್ಮನ್ನು ಮೋಸಗೊಳಿಸುವುದು ಸುಲಭ. ಮಬ್ಬು ಕೋಣೆಯಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ, ಮಸುಕಿನ ಸುತ್ತಲಿಂದ ಬೆಳಕು ಒಳಗೆ ಹೋಗುತ್ತದೆ, 6/9 ಬರುತ್ತದೆ. ಬಿಸಿಲಿಗೆ ಬಂದ ಕೂಡಲೇ ಪಾಪೆ ಕುಗ್ಗುತ್ತದೆ, ಇರುವ ಒಂದೇ ಕಿಂಡಿಗೆ ಪೊರೆ ಅಡ್ಡ ನಿಲ್ಲುತ್ತದೆ. ಹತ್ತಿರದ್ದನ್ನು ದಿಟ್ಟಿಸಿದಾಗಲೂ ಪಾಪೆ ಕುಗ್ಗುತ್ತದೆ. ಹಾಗಾಗಿ ಎಳೆ ಕಾಣಲೆಂದು ನೀವು ಹೆಚ್ಚು ಬೆಳಕಿನ ಬಲ್ಬ್ ಹಾಕಿಕೊಂಡಷ್ಟೂ ಕೆಲಸ ಹಾಳಾಗಿರಬಹುದು. ನಿಮ್ಮದು ಇದೇ ಎಂದು ಪತ್ರ ಓದಿ ಹೇಳುವಂತಿಲ್ಲ. ಪಾಪೆ ಅಗಲಿಸುವ ಹನಿ ಹಾಕಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕಿಂತ ಮೊದಲು ವೈದ್ಯರಲ್ಲಿ ಒಂದು ಮಾತು ಕೇಳಿ: 'ಪಕ್ಕದಿಂದ ಬೆಳಕು ಬಿಟ್ಟು ಅದೇ ಚಾರ್ಟನ್ನು ಮತ್ತೊಮ್ಮೆ ಓದಿಸುತ್ತೀರಾ?' ಇದಕ್ಕೆಂದೇ ಉಪಕರಣ ಇದೆ. ಇಲ್ಲದಿದ್ದರೆ ಒಂದು ಪುಟ್ಟ ಟಾರ್ಚ್ ಸಾಕು. 6/9 ಓದಿದವರು ಬೆಳಕು ಬಿದ್ದ ಕೂಡಲೇ ಎರಡು ಮೂರು ಸಾಲು ಮೇಲಕ್ಕೆ ಜಾರಿದರೆ ವೈದ್ಯರಿಗೂ ವಿಷಯ ಅರ್ಥವಾಗುತ್ತದೆ.

ಇನ್ನು ಆ ಹದಿನಾಲ್ಕು ಪ್ರಶ್ನೆಗಳ ಹಾಳೆ. ಅದನ್ನು ಅಲ್ಲಗಳೆಯಬೇಡಿ, ಅದಕ್ಕೆ ಒಂದು ಹಿನ್ನೆಲೆ ಇದೆ. ಚಾರ್ಟ್ ಹೇಳದೆ ಬಿಡುವುದನ್ನು ರೋಗಿಯ ಬಾಯಿಂದಲೇ ಕೇಳಬೇಕೆಂದು ಅಮೆರಿಕದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅದು. ಹೆಸರು ವಿಎಫ್-14. ಸಣ್ಣ ಅಕ್ಷರ, ಪತ್ರಿಕೆ, ಮೆಟ್ಟಿಲು, ಅಡುಗೆ, ಟಿವಿ, ಸೂಕ್ಷ್ಮವಾದ ಕೈಕೆಲಸ, ಹಗಲಿನ ಮತ್ತು ರಾತ್ರಿಯ ವಾಹನ ಚಾಲನೆ ಹೀಗೆ ಒಂದೊಂದಕ್ಕೂ ಎಷ್ಟು ಕಷ್ಟವೆಂದು ಕೇಳುತ್ತದೆ. ಏನೂ ಕಷ್ಟವಿಲ್ಲದಿದ್ದರೆ 4, ಸ್ವಲ್ಪ ಕಷ್ಟವಾದರೆ 3, ಕಣ್ಣು ಕಾಣದ್ದರಿಂದ ಮಾಡಲು ಆಗುವುದೇ ಇಲ್ಲವೆಂದರೆ 0. ಸರಾಸರಿ ತೆಗೆದು 25ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಬರುತ್ತದೆ.

ಇಲ್ಲಿ ಒಂದು ಮುಖ್ಯ ನಿಯಮವಿದೆ. ಕಣ್ಣಿನ ಕಾರಣದಿಂದಲ್ಲದೆ, ಬೇರೆ ಕಾರಣಕ್ಕೆ ಮಾಡದ ಕೆಲಸವನ್ನು ಲೆಕ್ಕದಿಂದಲೇ ಬಿಡಬೇಕು. ನೀವು ಕಾರು ಓಡಿಸುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಟೆನಿಸ್‌ನಂಥ ಆಟ ಆಡುವುದಿಲ್ಲ. ಹಗಲು ಚಾಲನೆ, ರಾತ್ರಿ ಚಾಲನೆ, ಇಸ್ಪೀಟು, ಆಟ, ಈ ನಾಲ್ಕಕ್ಕೂ ಆ ಹುಡುಗ ಸೊನ್ನೆ ಹಾಕಿದ್ದಾನೆ. ಉಳಿದ ಹತ್ತು ಪ್ರಶ್ನೆಗಳಲ್ಲಿ ನಿಮ್ಮ ಅಂಕಗಳ ಮೊತ್ತ 28. ಅದನ್ನು ಹದಿನಾಲ್ಕರಿಂದ ಭಾಗಿಸಿದ್ದರಿಂದ 50 ಬಂತು. ಹತ್ತರಿಂದ ಭಾಗಿಸಿದರೆ 70. ಎಂದೂ ಓಡಿಸದ ಕಾರು, ಆಡದ ಆಟಗಳು ಸೇರಿ ನಿಮ್ಮ ಕಣ್ಣಿನಿಂದ ಇಪ್ಪತ್ತು ಅಂಕ ಕದ್ದಿದ್ದವು, ಅಷ್ಟೆ.

ಹಾಗೆಂದು 70 ಬಂತು, ಕಣ್ಣು ಚೆನ್ನಾಗಿದೆ ಎಂದು ನಿರಾಳವಾಗಬೇಡಿ. ಹಾಳೆಯಲ್ಲಿ 'ಸೂಕ್ಷ್ಮ ಕೈಕೆಲಸ' ಎಂಬುದರ ಮುಂದೆ 1 ಇದೆ. ದೊಡ್ಡ ಅಕ್ಷರ ಓದುವುದಕ್ಕೆ 4 ಇದೆ. ಲೆಕ್ಕದಲ್ಲಿ ಎರಡಕ್ಕೂ ಒಂದೇ ತೂಕ. ನಿಮ್ಮ ಮನೆ ನಡೆಯುವುದು ದೊಡ್ಡ ಅಕ್ಷರ ಓದಿ ಅಲ್ಲವಲ್ಲ! ಇಂಥ ಹಾಳೆ ನನ್ನ ಮೇಜಿಗೆ ಬಂದರೆ ಮೊತ್ತಕ್ಕಿಂತ ಮೊದಲು ಆ ಒಂದು ಸಾಲನ್ನು ನೋಡುತ್ತೇನೆ. ಇಷ್ಟು ಅಂಕಕ್ಕಿಂತ ಕೆಳಗಿಳಿದರೆ ಆಪರೇಷನ್ ಎಂಬ ಗೆರೆಯೂ ಇಲ್ಲ. ನೂರಾರು ರೋಗಿಗಳ ಸ್ಥಿತಿಯನ್ನು ಚಿಕಿತ್ಸೆಗೆ ಮೊದಲು ಮತ್ತು ನಂತರ ಹೋಲಿಸಲು ಅಂಕ ಬೇಕು. ಒಬ್ಬರ ಕಣ್ಣಿನ ತೀರ್ಮಾನಕ್ಕೆ ಅದರ ಹಿಂದಿನ ಉತ್ತರಗಳು ಬೇಕು.

ನಮ್ಮ ದೇಶದ ಬದುಕಿಗೆ ಹೊಂದುವ ಪ್ರಶ್ನಾವಳಿಯೂ ಇದೆ. ಭಾರತದ ಬೇರೆ ಬೇರೆ ಭಾಗಗಳಲ್ಲಿ ರೋಗಿಗಳನ್ನು ಗುಂಪಾಗಿ ಕೂರಿಸಿ ಮಾತನಾಡಿಸಿ, ಅವರು ಹೇಳಿಕೊಂಡ ತೊಂದರೆಗಳಿಂದಲೇ ಮೂವತ್ತಮೂರು ಪ್ರಶ್ನೆಗಳನ್ನು ಕಟ್ಟಿದ್ದಾರೆ. ಬಸ್ಸಿನ ಮೆಟ್ಟಿಲು ಕಾಣುತ್ತದೆಯೇ, ರಸ್ತೆಯ ಗುಂಡಿ ತಿಳಿಯುತ್ತದೆಯೇ, ಬಿಸಿಲಿನಿಂದ ಮನೆಯೊಳಗೆ ಬಂದಾಗ ಹೇಗಿರುತ್ತದೆ, ಊಟದ ತಟ್ಟೆಯಲ್ಲಿ ಏನಾದರೂ ಬಿದ್ದಿದ್ದರೆ ಗೊತ್ತಾಗುತ್ತದೆಯೇ, ಪಾತ್ರೆಗೆ ನೀರು ಸುರಿಯುವಾಗ ಎಲ್ಲಿಗೆ ತುಂಬಿತೆಂದು ಕಾಣುತ್ತದೆಯೇ. ಇನ್ನೂ ಮುಂದೆ ಹೋಗಿ, ಇತರರಿಗೆ ಹೊರೆಯಾಗಿದ್ದೇನೆ ಎನಿಸುತ್ತದೆಯೇ ಎಂದೂ ಕೇಳುತ್ತದೆ. ಆ ಪ್ರಶ್ನೆ ಕೇಳಿದಾಗ ಸುಮ್ಮನಾಗಿಬಿಡುವವರು ಬಹಳ ಜನ.

ಆದರೆ ಎಷ್ಟೇ ಒಳ್ಳೆಯ ಪ್ರಶ್ನೆಯೂ ನಮ್ಮ ಜನರ 'ಅಡ್ಡಿಯಿಲ್ಲ' ಎಂಬ ಉತ್ತರದ ಮುಂದೆ ಸೋಲುತ್ತದೆ. ಮೆಟ್ಟಿಲು ಕಷ್ಟವೇ? ಅಡ್ಡಿಯಿಲ್ಲ. ರಾತ್ರಿ ಹೊರಗೆ ಹೋಗುವುದು? ಅಡ್ಡಿಯಿಲ್ಲ. ಆಮೇಲೆ ಜೊತೆಗೆ ಬಂದ ಸೊಸೆ ಹೇಳುತ್ತಾಳೆ: ಅತ್ತೆ ಮಹಡಿ ಹತ್ತಿ ವರ್ಷವಾಯಿತು, ಜಾತ್ರೆಗೂ ಬರಲಿಲ್ಲ, ಅಕ್ಕಿ ಆರಿಸುವುದನ್ನು ನನಗೇ ಬಿಟ್ಟಿದ್ದಾರೆ. ಸುಳ್ಳು ಹೇಳಿದ್ದಲ್ಲ. ಪೊರೆ ಇಂಚಿಂಚಾಗಿ ಬರುತ್ತದೆ, ಮನುಷ್ಯ ಇಂಚಿಂಚಾಗಿ ಕೆಲಸ ಬಿಡುತ್ತಾನೆ, ಬಿಟ್ಟ ಕೆಲಸ ಕಷ್ಟವೆನಿಸುವುದಿಲ್ಲ. ಅದಕ್ಕೆ ನಾನು 'ಕಷ್ಟವೇ' ಎಂದು ಕೇಳುವುದನ್ನು ಕಡಿಮೆ ಮಾಡಿ, 'ಈ ವರ್ಷ ಏನೇನು ಬಿಟ್ಟಿರಿ' ಎಂದು ಕೇಳಲು ಕಲಿತೆ.

ನಿಮ್ಮ ಕೈಯಲ್ಲಿ ಇವೆಲ್ಲಕ್ಕಿಂತ ಒಳ್ಳೆಯ ಅಳತೆ ಇದೆ. ಕಸೂತಿಯ ಗವಂತಿ ಹೊಲಿಗೆ ಹಾಕುವಾಗ ಸೂಜಿ ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಜಾಗ ತುಂಬಿಕೊಂಡು ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಹೋಗುವಾಗ ಒಂದು ಎಳೆ ತಪ್ಪಿದ್ದರೂ ಬರುವಾಗ ಕೂಡುವುದಿಲ್ಲ, ಬಿಚ್ಚಬೇಕಾಗುತ್ತದೆ. ಎಷ್ಟು ಸಲ ಬಿಚ್ಚಿದಿರಿ ಎಂಬುದನ್ನು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಪ್ಪು ಬಟ್ಟೆಯಲ್ಲಿ ಎಷ್ಟು, ತಿಳಿ ಬಣ್ಣದ ಬಟ್ಟೆಯಲ್ಲಿ ಎಷ್ಟು, ಬೆಳಿಗ್ಗೆ ಎಷ್ಟು, ರಾತ್ರಿ ದೀಪದಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ. ಒಂದೊಂದೇ ಕಣ್ಣು ಮುಚ್ಚಿ, ಕಪ್ಪು ಬಟ್ಟೆಯ ಹತ್ತು ಎಳೆ ಎಣಿಸಿ ನೋಡಿ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯ ಮುಟ್ಟದೆ ಗುರುತು ಸಿಗುತ್ತದೆಯೇ, ಎದುರು ಗಾಡಿ ದಾಟಿದ ಮೇಲೆ ದಾರಿ ಮತ್ತೆ ಕಾಣಲು ಎಷ್ಟು ಹೊತ್ತು ನಿಲ್ಲುತ್ತೀರಿ, ಇದನ್ನೂ ಬರೆಯಿರಿ. ಈ ನೋಟ್‌ಬುಕ್ ಹಿಡಿದು ಬಂದ ರೋಗಿಗೆ 'ಇನ್ನೊಂದು ವರ್ಷ ಬಿಡಿ' ಎಂದು ಚಾರ್ಟ್ ನೋಡಿ ಹೇಳಿಬಿಡುವುದು ಯಾವ ವೈದ್ಯರಿಗೂ ಸುಲಭವಲ್ಲ.

ಒಂದು ಎಚ್ಚರಿಕೆ. ಎಳೆ ತಪ್ಪುವುದೆಲ್ಲ ಪೊರೆಯಿಂದಲೇ ಎನ್ನುವಂತಿಲ್ಲ. ಎಂಟು ವರ್ಷದ ಸಕ್ಕರೆ ಕಾಯಿಲೆ ಕಣ್ಣಿನ ಹಿಂಪರದೆಯನ್ನು, ಅಂದರೆ ರೆಟಿನಾವನ್ನು ಕೆಡಿಸಿರಬಹುದು. ಅದು ಕೆಟ್ಟಿದ್ದರೆ ಪೊರೆ ತೆಗೆದರೂ ನೋಟ ಪೂರ್ತಿ ಮರಳುವುದಿಲ್ಲ. ಗಂಟೆಗಟ್ಟಲೆ ರೆಪ್ಪೆ ಬಡಿಯದೆ ಕೂರುವವರಿಗೆ ಕಣ್ಣು ಒಣಗಿ ಮಂಜಾಗುತ್ತದೆ. ಹತ್ತಿರದ ಕನ್ನಡಕದ ನಂಬರ್ ಹಳೆಯದಾಗಿರಬಹುದು. ರೆಟಿನಾ ಪರೀಕ್ಷೆ ಆಗದೆ ಆಪರೇಷನ್‌ಗೆ ಒಪ್ಪಬೇಡಿ. ನಾಳೆಯೇ ಬನ್ನಿ ಎಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಪೊರೆ ಬಲಿಯಲಿ ಎಂಬ ಮಾತು ಮೂಢನಂಬಿಕೆಯಾಗಿ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದೇ ವೈದ್ಯರ ಸಲಹೆಯಾಗಿತ್ತು. ನಿಮ್ಮ ಹಿರಿಯರು ಡಾ. ಎಂ.ಸಿ. ಮೋದಿಯವರ ಶಿಬಿರಗಳನ್ನು ನೆನೆಯುತ್ತಿರಬಹುದು. ಆ ಕಾಲದ ವಿಧಾನದಲ್ಲಿ ಮಸೂರವನ್ನು ಪೂರ್ತಿಯಾಗಿ ಹೊರತೆಗೆಯುತ್ತಿದ್ದರು, ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ರೋಗಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಓಡಾಡಬೇಕಿತ್ತು. ವಸ್ತುಗಳು ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿದ್ದವು, ಪಕ್ಕದ ನೋಟ ಕಡಿಮೆ. ಅಂಥ ಕನ್ನಡಕಕ್ಕಿಂತ ಅರೆಬರೆ ಪೊರೆಯೇ ವಾಸಿ ಎಂದು ಕಾಯಿಸುತ್ತಿದ್ದರು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಸುಮಾರು 3,400 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದಪ್ಪ ಕನ್ನಡಕದವರನ್ನೂ ಕೃತಕ ಮಸೂರ ಹಾಕಿಸಿಕೊಂಡವರನ್ನೂ ಹೋಲಿಸಿತು. ಚಾರ್ಟ್ ಓದಿಸುವುದರ ಜೊತೆಗೆ ದಿನದ ಬದುಕಿನ ಪ್ರಶ್ನೆಗಳನ್ನೂ ಕೇಳಿದರು. ಕೃತಕ ಮಸೂರದವರು ಎರಡರಲ್ಲೂ ಮುಂದಿದ್ದರು. ಈಗ ಸಣ್ಣ ಗಾಯದ ಮೂಲಕವೇ ಮಸೂರ ಇಡುವುದರಿಂದ ಬಲಿಯುವವರೆಗೆ ಕಾಯುವುದರಲ್ಲಿ ಲಾಭವಿಲ್ಲ. ತೀರಾ ಬಲಿತರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ, ಕೆಲವೊಮ್ಮೆ ಮಸೂರದ ರಸ ಸೋರಿ ಕಣ್ಣಿನೊತ್ತಡ ಏರಿ ತೀವ್ರ ನೋವು ಬರುತ್ತದೆ.

ತಂಗಿ ಕಳುಹಿಸಿದ ಹನಿ ಬೇಡ. ಪೊರೆ ಕರಗಿಸುತ್ತದೆಂದು ಸಾಬೀತಾದ ಹನಿ ಇಲ್ಲ. ಜೇನು, ಈರುಳ್ಳಿ ರಸವಂತೂ ಕಣ್ಣಿನ ಹತ್ತಿರ ತರಬೇಡಿ, ಅದರಿಂದ ಕಪ್ಪುಗುಡ್ಡೆಗೆ ಹುಣ್ಣಾದವರನ್ನು ನೋಡಿದ್ದೇನೆ.

ಈಗ ನಿಮ್ಮ ಮುಂದಿರುವ ದಾರಿಗಳು. ಕಾಯುವುದು ತಪ್ಪಲ್ಲ. 6/9 ಇರುವ ಪೊರೆ ಆರು ತಿಂಗಳು ಕಾದರೆ ಕೆಡುವಂಥದ್ದೇನಿಲ್ಲ. ಆ ಅವಧಿಯಲ್ಲಿ ಹೊಸ ನಂಬರ್ ಕನ್ನಡಕ ಮಾಡಿಸಿ, ದೀಪವನ್ನು ಮುಖಕ್ಕೆ ಹೊಡೆಯದಂತೆ ಭುಜದ ಹಿಂದಿನಿಂದ ಬಟ್ಟೆಯ ಮೇಲೆ ಬೀಳುವಂತೆ ಇಡಿ, ಕಪ್ಪು ಬಟ್ಟೆಯಡಿ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ. ಎಳೆಗಳ ಸಂದಿನಲ್ಲಿ ಬಿಳುಪು ಇಣುಕಿದರೆ ಎಣಿಕೆ ಸುಲಭ. ಬಿಸಿಲಿಗೆ ಕೊಡೆ ಇರಲಿ. ಬಿಚ್ಚುವ ಲೆಕ್ಕ ಇಳಿದರೆ ಆಪರೇಷನ್ ಅವಸರವಿಲ್ಲ. ಇಳಿಯದಿದ್ದರೆ, ನಡುವೆ ಎಡವಿ ಬಿದ್ದರೆ, ಕಾಯುವುದಕ್ಕೂ ಒಂದು ಬೆಲೆ ಇದೆ ಎಂದಾಯಿತು.

ಆಪರೇಷನ್ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಹುಪಾಲು ಜನರಿಗೆ ಚೆನ್ನಾಗಿ ಆಗುತ್ತದೆ. ಒಳಗೆ ಸೋಂಕಾಗುವುದು ಸಾವಿರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಆದರೆ ಆದಾಗ ಕಣ್ಣೇ ಹೋಗಬಹುದು. ಮೊದಲ ಕೆಲವು ದಿನಗಳಲ್ಲಿ ನೋವು, ಕೆಂಪು ಹೆಚ್ಚಿ ನೋಟ ಇಳಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಸೂರದ ಹಿಂದಿನ ತೆಳು ಪದರ ಹರಿಯಬಹುದು, ಆಗ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ ರೆಟಿನಾದ ನಡುಭಾಗ ಊದಿಕೊಳ್ಳುವ ಸಾಧ್ಯತೆ ಹೆಚ್ಚು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹಿಂದಿನ ಪದರ ಮಸುಕಾದರೆ ಜನ 'ಪೊರೆ ಮತ್ತೆ ಬಂತು' ಎನ್ನುತ್ತಾರೆ. ಅದಕ್ಕೆ ಲೇಸರ್‌ನಲ್ಲಿ ಕೆಲವು ನಿಮಿಷದ ಚಿಕಿತ್ಸೆ ಸಾಕು. ರಕ್ತ ತಿಳಿಯಾಗಿಸುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಮಾಡಿ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಇದು ಉಚಿತವಾಗಿ ಆಗುತ್ತದೆ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡಬೇಕಾದದ್ದು ಯಾವ ಮಸೂರ ಎಂಬುದು. ಸಾಮಾನ್ಯ ಮಸೂರ ಒಂದೇ ದೂರಕ್ಕೆ ಸ್ಪಷ್ಟ. ಯಾರೂ ಕೇಳದಿದ್ದರೆ ವೈದ್ಯರು ದೂರದ ನೋಟಕ್ಕೇ ಹೊಂದಿಸುತ್ತಾರೆ, ಆಗ ಸೂಜಿ ಕೆಲಸಕ್ಕೆಲ್ಲ ಕನ್ನಡಕ ಬೇಕು. ಬದಲಿಗೆ ನೀವು ಬಟ್ಟೆ ಹಿಡಿಯುವ ದೂರಕ್ಕೆ, ಸುಮಾರು 35 ಸೆಂಟಿಮೀಟರ್‌ಗೆ ಹೊಂದಿಸಿ, ದೂರಕ್ಕೆ ಕನ್ನಡಕ ಇಟ್ಟುಕೊಳ್ಳಬಹುದು. ಹತ್ತಿರ ದೂರ ಎರಡನ್ನೂ ಕೊಡುವ ದುಬಾರಿ ಮಸೂರವನ್ನು ತೋರಿಸಿದರೆ ಅವಸರ ಪಡಬೇಡಿ. ಅದು ಬೆಳಕನ್ನು ಹಂಚುವುದರಿಂದ ಬಣ್ಣದ ಸಣ್ಣ ವ್ಯತ್ಯಾಸ ಗುರುತಿಸುವ ಶಕ್ತಿ ಸ್ವಲ್ಪ ಕುಗ್ಗುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ಕಪ್ಪಿನ ಮೇಲೆ ಕಪ್ಪು ಎಣಿಸುವವರಿಗೆ ಅದನ್ನು ಹಾಕಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ಅರ್ಧ ಹಾಕಿದ ಕಸೂತಿಯನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ. ಹಿಡಿದು ತೋರಿಸಿ, ದೂರವನ್ನು ಟೇಪಿನಲ್ಲಿ ಅಳೆಯಲಿ. ಒಂದು ಕಣ್ಣು ಆದರೆ ಸಾಕು ಎನ್ನುವವರಿದ್ದಾರೆ. ಸೂಜಿಗೆ ದಾರ ಪೋಣಿಸಲು ಎರಡೂ ಕಣ್ಣು ಜೊತೆಯಾಗಿ ಆಳ ಅಳೆಯಬೇಕು, ಹಾಗಾಗಿ ಎರಡನೆಯದನ್ನೂ ಮನಸ್ಸಿನಲ್ಲಿಟ್ಟೇ ಮೊದಲನೆಯದನ್ನು ತೀರ್ಮಾನಿಸಿ.

ಮತ್ತೆ ಸೂಜಿ ಹಿಡಿಯುವುದು ಯಾವಾಗ ಎಂದು ಕೇಳಿದ್ದೀರಿ. ಹತ್ತಿರದ ಕೆಲಸದಿಂದ ಆಪರೇಷನ್ ಆದ ಕಣ್ಣು ಸವೆಯುವುದಿಲ್ಲ. ವೈದ್ಯರು ಮೊದಲ ಸಲ ನೋಡಿ ಒಪ್ಪಿದ ಮೇಲೆ, ತಿಳಿ ಬಣ್ಣದ ಬಟ್ಟೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಶುರು ಮಾಡಬಹುದು. ತಲೆಗೆ ನೀರು, ಒಲೆಯ ಹೊಗೆ, ಕೊಡ ಹೊರುವುದು ಇವಕ್ಕೆ ಮಾತ್ರ ಕೆಲವು ವಾರ ವಿರಾಮ ಕೊಡಿ. ಕನ್ನಡಕದ ಕೊನೆಯ ನಂಬರ್ ಕೊಡುವುದು ನಾಲ್ಕರಿಂದ ಆರು ವಾರಕ್ಕೆ. ಹೊಸ ಕನ್ನಡಕ ಬಂದ ಮೇಲೆ ಅದೇ ಕಪ್ಪು ಬಟ್ಟೆ ತೆಗೆದು ಗವಂತಿಯ ಒಂದು ಸಾಲು ಹೋಗಿ ಬನ್ನಿ. ಎಷ್ಟು ಕಡೆ ಬಿಚ್ಚಬೇಕಾಯಿತೆಂದು ಅದೇ ನೋಟ್‌ಬುಕ್ಕಿನಲ್ಲಿ, ಹಳೆಯ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ಸಾಧ್ಯವಾದರೆ ನನಗೂ ತಿಳಿಸಿ.